ನಾಡಿ ಬರೆದ ಗೆರೆ

ಅಕ್ಕಲಕೋಟೆ ಕಡೆಯ ಹಿರಿಯರು ಸೊಲ್ಲಾಪುರದ ಸಿವಿಲ್ ಆಸ್ಪತ್ರೆಗೆ ಬಂದರೆ ಮುಂಗೈ ಚಾಚಿ, ‘ನಾಡಿ ನೋಡ್ರಿ ಸಾಹೇಬ್ರ’ ಎನ್ನುವುದುಂಟು. ಆ ನಂಬಿಕೆಯಲ್ಲಿ ಹುರುಳಿದೆ. ಪಳಗಿದ ಬೆರಳು ಬಡಿತ ಎಣಿಸಿ ಸುಮ್ಮನಾಗುವುದಿಲ್ಲ, ಅಲೆಯ ಆಕಾರವನ್ನೂ ಗ್ರಹಿಸುತ್ತದೆ. ಮಹಾಪಧಮನಿಯ ಕವಾಟ ಕಿರಿದಾಗಿದ್ದರೆ ನಾಡಿ ತಡೆದು ತಡೆದು ಏರುತ್ತದೆ. ಕವಾಟ ಸೋರುತ್ತಿದ್ದರೆ ರಭಸದಿಂದ ಎದ್ದು ಥಟ್ಟನೆ ಕುಸಿಯುತ್ತದೆ.

ಈ ಅರಿವನ್ನು ಕಣ್ಣಿಗೆ ಕಾಣಿಸಿದವರಲ್ಲಿ ಫ್ರಾನ್ಸಿನ ಎಟಿಯೆನ್ ಜೂಲ್ ಮರೇ ದೊಡ್ಡವರು. 1860ರ ಅವರ ಉಪಕರಣದಲ್ಲಿ ಮಣಿಕಟ್ಟಿನ ಮೇಲೊಂದು ಸ್ಪ್ರಿಂಗ್, ಅದಕ್ಕೆ ತಾಗಿದ ಉದ್ದನೆಯ ಹಗುರ ಕಡ್ಡಿ. ಗಡಿಯಾರದ ಯಂತ್ರ ಮಸಿ ಹಿಡಿಸಿದ ಕಾಗದವನ್ನು ಸರಿಸುತ್ತಿದ್ದರೆ, ಕಡ್ಡಿಯ ತುದಿ ಮಸಿ ಕೆರೆದು ಬಿಳಿ ಗೆರೆ ಮೂಡಿಸುತ್ತಿತ್ತು. ಚೂಪಾದ ಏರು, ಇಳಿಜಾರು, ನಡುವೆ ಸಣ್ಣ ತಗ್ಗು. ಕವಾಟ ಮುಚ್ಚಿದ ಗುರುತು ಆ ತಗ್ಗು. ನೋಡಿದಷ್ಟೂ ಸೋಜಿಗ!

ನನಗೆ ಹೆಚ್ಚು ಅಭಿಮಾನ ಫ್ರೆಡರಿಕ್ ಅಕ್ಬರ್ ಮಹಮದ್ ಮೇಲೆ. ಪಟ್ನಾದಿಂದ ಹೊರಟು ಬ್ರಿಟನ್ನಿನಲ್ಲಿ ನೆಲೆಸಿದ ಶೇಖ್ ದೀನ್ ಮಹಮದರ ಮೊಮ್ಮಗ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಈ ಉಪಕರಣವನ್ನು ಸುಧಾರಿಸಿ, ಮೂತ್ರಪಿಂಡದ ಕಾಯಿಲೆಯಿಲ್ಲದವರಲ್ಲೂ ರಕ್ತದೊತ್ತಡ ಏರಿರಬಹುದೆಂದು ಗೆರೆ ಓದಿಯೇ ಕಂಡುಕೊಂಡರು. 1884ರಲ್ಲಿ, 35ರ ವಯಸ್ಸಿಗೇ ತೀರಿಕೊಂಡರು.

ಇಂದು ಕತ್ತಿನಿಂದ ತೊಡೆಸಂದಿಗೆ ಅಲೆ ತಲುಪುವ ವೇಗವನ್ನೇ ಅಳೆಯುತ್ತಾರೆ. ಸೆಕೆಂಡಿಗೆ 10 ಮೀಟರ್ ಮೀರಿದರೆ ರಕ್ತನಾಳ ಗಡುಸಾಗಿದೆ ಎಂದರ್ಥ. ಆ ಯಂತ್ರ ಎಲ್ಲೆಡೆ ಸಿಗದು. ಬಿ.ಪಿ. ಪಟ್ಟಿ ಸಿಗುತ್ತದೆ, ಊರಿನ ಹಿರಿಯರ ನಾಡಿ ತೋರಿಸುವಾಗ ತೋಳಿಗೆ ಅದನ್ನೂ ಕಟ್ಟಿಸಿ.