ಎರಡನೆಯ ದಾರಿ ಇಲ್ಲದ ಊರು: ಸಾಫ್ಟ್‌ವೇರ್-ನಿರ್ದೇಶಿತ ಜಾಲಗಳ ಸಾಹಿತ್ಯವನ್ನು ಕುರಿತ ವಿಮರ್ಶೆ

ಸಾಫ್ಟ್‌ವೇರ್-ನಿರ್ದೇಶಿತ ಜಾಲಗಳಲ್ಲಿ ಸೇವೆಯ ಗುಣಮಟ್ಟವನ್ನೂ ಮಾರ್ಗದ ಭರವಸೆಯನ್ನೂ ಸಾಧಿಸುವ ಬಗೆಯನ್ನು ಕುರಿತು ವಿಪುಲವಾದ ಸಾಹಿತ್ಯ ಬೆಳೆದಿದೆ. ಯಂತ್ರವಿದ್ಯೆ ನಮ್ಮ ಕ್ಷೇತ್ರವಲ್ಲ. ಆದರೂ ವ್ಯಾಪಾರಮಾರ್ಗ, ದಂಡಿನ ದಾರಿಗಳ ಇತಿಹಾಸವನ್ನು ಬೋಧಿಸುವ ನಮಗೆ ಈ ಬರಹಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ.

ಹಳೆಯ ಪದ್ಧತಿಯಲ್ಲಿ ಪ್ರತಿಯೊಂದು ರೂಟರೂ ನೆರೆಯವುಗಳಿಂದ ಸುದ್ದಿ ತಿಳಿದು ತನ್ನ ದಾರಿಯನ್ನು ತಾನೇ ನಿಶ್ಚಯಿಸುತ್ತದೆ. 2008ರಲ್ಲಿ ನಿಕ್ ಮೆಕ್‌ಕಿಯೋನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಓಪನ್‌ಫ್ಲೋ ಲೇಖನದ ತರುವಾಯ, ಈ ನಿರ್ಣಯಾಧಿಕಾರವನ್ನು ಜಾಲವನ್ನೆಲ್ಲ ಕಾಣಬಲ್ಲ ನಿಯಂತ್ರಕವೊಂದಕ್ಕೆ ಒಪ್ಪಿಸುವ ಪದ್ಧತಿ ಪ್ರಚಾರಕ್ಕೆ ಬಂದಿತು. ಅದರ ಫಲವನ್ನು ಅಲ್ಲಗಳೆಯುವಂತಿಲ್ಲ. ಗೂಗಲ್ ಸಂಸ್ಥೆ ತನ್ನ ಬಿ4 ಜಾಲದ ಕೊಂಡಿಗಳು ಸರಾಸರಿ ಶೇಕಡಾ 70ರಷ್ಟು ಬಳಕೆಯಾಗುತ್ತವೆಂದು 2013ರಲ್ಲಿ ವರದಿ ಮಾಡಿತು. ಆದರೆ ಅಲ್ಲಿ ದಾರಿಗಳು ಹಲವು. ಸಾಗುವ ಸರಕಿನ ಬಹುಭಾಗ ಕಾಯಬಲ್ಲದ್ದು. ಎರಡು ತುದಿಗಳೂ ಒಬ್ಬನೇ ಒಡೆಯನವು.

ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಂಥ ಊರಿಗೆ ಈ ಸಿದ್ಧಾಂತವನ್ನು ಅನ್ವಯಿಸಿ ನೋಡೋಣ. 2011ರಲ್ಲಿ ಮಂಜೂರಾಗಿ ಮುಂದೆ ಭಾರತ್‌ನೆಟ್ ಎನಿಸಿದ ಯೋಜನೆಯು ಮೊದಲ ಹಂತದಲ್ಲಿ ಗ್ರಾಮ ಪಂಚಾಯತಿಗಳಿಗೆ ಎಳೆದದ್ದು ಪ್ರಾಯಶಃ ಒಂಟಿ ಎಳೆಯ ತಂತುವನ್ನು. ರಸ್ತೆ ಅಗೆಯುವ ಜೆಸಿಬಿಗೆ ಆ ಎಳೆ ಸಿಕ್ಕಿತೆಂದರೆ ನಿಯಂತ್ರಕವು ಎಷ್ಟೇ ಜಾಣನಾಗಿರಲಿ, ಆರಿಸಿಕೊಳ್ಳಲು ಅದಕ್ಕೆ ಎರಡನೆಯ ದಾರಿ ಇಲ್ಲ. ಭರವಸೆಯ ಮಾರ್ಗವನ್ನು ಗಣಿತದಿಂದ ಹುಟ್ಟಿಸಲಾಗದು. ಮೊದಲು ನೆಲವನ್ನು ಅಗೆಯಬೇಕು. ಸರಕಾರವೂ ಇದನ್ನು ತಡವಾಗಿ ಮನಗಂಡಿತು. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ತಿದ್ದುಪಡಿ ಯೋಜನೆಯು 2.64 ಲಕ್ಷ ಪಂಚಾಯತಿಗಳನ್ನು ಉಂಗುರಾಕಾರದಲ್ಲಿ ಜೋಡಿಸಲು ಹೇಳುತ್ತದೆ. ಇಲ್ಲಿಯೂ ಒಂದು ಸಂದೇಹ ಉಳಿಯುತ್ತದೆ. ಉಂಗುರದ ಎರಡು ತೋಳುಗಳೂ ಒಂದೇ ಸೇತುವೆಯ ಮೇಲೆ ಹಾದುಹೋದರೆ ನಕ್ಷೆಯಲ್ಲಿ ದಾರಿ ಎರಡು, ನೆಲದ ಮೇಲೆ ಒಂದೇ. ಪರಿಣತರು ಈ ದೋಷಕ್ಕೆ ಹೆಸರನ್ನೇನೋ ಇಟ್ಟಿದ್ದಾರೆ. ಆದರೆ ಪ್ರಯೋಗಾಲಯದ ಕೃತಕ ಜಾಲಗಳಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. (ಹಳೆಯ ನಕಾಶೆಗಳನ್ನು ನಂಬಿ ಮೋಸಹೋದ ಇತಿಹಾಸಕಾರರಿಗೆ ಇದು ಹೊಸ ಮಾತಲ್ಲ.)

ಅಳತೆಗೋಲೂ ಪ್ರಶ್ನಾರ್ಹವೇ. ವಿಳಂಬವನ್ನು ಮಿಲಿಸೆಕೆಂಡುಗಳಲ್ಲಿ ಎಣಿಸುವುದು ದೃಶ್ಯಸಂವಾದಕ್ಕೆ ತಕ್ಕದ್ದು. ಭೂಮಿ ಯೋಜನೆಯು ಪಹಣಿಯನ್ನು ಗಣಕಕ್ಕೆ ಏರಿಸಿದ 2000ದ ಸುಮಾರಿನಿಂದ, ನಮ್ಮ ರೈತನು ಉತಾರಕ್ಕಾಗಿ ಜಾಲವನ್ನೇ ನೆಚ್ಚಿದ್ದಾನೆ. ಆ ಕಾಗದದ ಗಾತ್ರ ಅತ್ಯಲ್ಪ. ಅರ್ಧ ಸೆಕೆಂಡು ತಡವಾದರೆ ಅವನಿಗೆ ನಷ್ಟವಿಲ್ಲ. ಸಾಲದ ಅರ್ಜಿಯ ಕಡೆಯ ದಿನ ಜಾಲವೇ ಇಲ್ಲದಿದ್ದರೆ ನಷ್ಟವುಂಟು. ವರ್ಷದಲ್ಲಿ ಎಷ್ಟು ದಿನ ಸಂಪರ್ಕ ಪೂರ್ತಿ ಕಡಿದಿತ್ತು ಎಂಬ ಅಂಕಿಯನ್ನು ನಾವು ಓದಿದ ಪ್ರಬಂಧಗಳಲ್ಲಿ ಕಾಣಲಿಲ್ಲ.

ನಿಯಂತ್ರಕದೊಡನೆ ಸಂಪರ್ಕ ತಪ್ಪಿದಾಗ ಸ್ವಿಚ್ಚು ಹಿಂದಿನ ಆಜ್ಞೆಗಳಂತೆಯೇ ನಡೆಯುವ, ಇಲ್ಲವೆ ಸಾಮಾನ್ಯ ಸ್ವಿಚ್ಚಿನಂತೆ ಸ್ವತಂತ್ರವಾಗಿ ವರ್ತಿಸುವ ಎರಡು ಬಗೆಗಳನ್ನು ಓಪನ್‌ಫ್ಲೋ ನಿಯಮಾವಳಿಯೇ ಹೇಳಿದೆ. ಗ್ರಾಮದ ಜಾಲಕ್ಕೆ ಇವೆರಡರಲ್ಲಿ ಯಾವುದು ಹಿತವೆಂಬುದೇ ನಮ್ಮ ದೃಷ್ಟಿಯಲ್ಲಿ ಮೊದಲು ಪರೀಕ್ಷಿಸಬೇಕಾದ ವಿಷಯ. ಅದಕ್ಕೆ ತಕ್ಕ ಪ್ರಯೋಗಭೂಮಿ ಧಾರವಾಡದಿಂದ ದೂರವೇನೂ ಇಲ್ಲ.