18 ಸಾಲುಗಳ ಪಟ್ಟಿ: ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೊಂದು ವ್ಯಾಖ್ಯಾನ

ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಿಂದ ಗೆದ್ದವರ ಪಟ್ಟಿಯಲ್ಲಿ 18 ಸಾಲುಗಳಿವೆ. ಇಸವಿ, ಹೆಸರು, ಪಕ್ಷ, ಅಷ್ಟೇ. 18 ಚುನಾವಣೆಗಳಿಗೆ 8 ಸಂಸದರು. ಕಾಂಗ್ರೆಸ್ 10 ಸಲ, ಬಿಜೆಪಿ 7 ಸಲ, ಪಕ್ಷೇತರ ಒಮ್ಮೆ. ಈ ಪಟ್ಟಿಯನ್ನೇ ಮೂಲಪಾಠವೆಂದು ಇಟ್ಟುಕೊಂಡು ಇಲ್ಲಿ ಸಾಲುಗಳನ್ನು ಬಿಡಿಸಿದ್ದೇನೆ. ಒಬ್ಬರೇ ಬೆನ್ನುಬೆನ್ನಿಗೆ ಗೆದ್ದ ಸಾಲುಗಳನ್ನು, ಜೊತೆಗೆ 5 ಮತ್ತು 6ನೆಯ ಸಾಲುಗಳನ್ನು ಒಟ್ಟಿಗೆ ಓದಿದ್ದೇನೆ.

ಮೊದಲು ಕ್ಷೇತ್ರದ ಮೈಕಟ್ಟು ತಿಳಿದಿರಬೇಕು. ಘಟ್ಟದ ಕೆಳಗೆ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ. ಅದರಾಚೆ ಹಳಿಯಾಳ, ಜೊತೆಗೆ ಬೆಳಗಾವಿ ಜಿಲ್ಲೆಯ ಖಾನಾಪುರ ಮತ್ತು ಕಿತ್ತೂರು. ಮೀನುಗಾರ, ಅಡಿಕೆ ತೋಟಿಗ, ಗದ್ದೆಯ ರೈತ, ಕಾಡಿನಂಚಿನ ಸಿದ್ದಿ, ಗೌಳಿ, ಎಲ್ಲರಿಗೂ ಒಬ್ಬರೇ ಸಂಸದರು. 2008ರ ಕ್ಷೇತ್ರ ಮರುವಿಂಗಡಣೆಯವರೆಗೆ ದಾಖಲೆಗಳಲ್ಲಿ ಇದು ಕೆನರಾ ಕ್ಷೇತ್ರ.

ಸಾಲು 1, 2, 3: 1952, 1957, 1962. ಜೋಕಿಂ ಆಳ್ವ, ಕಾಂಗ್ರೆಸ್

ಈ ಮೂರು ಸಾಲುಗಳಲ್ಲಿ ಹೆಸರು ಬದಲಾಗಲಿಲ್ಲ, ರಾಜ್ಯ ಬದಲಾಯಿತು. 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಜಿಲ್ಲೆ 1952ರಲ್ಲಿ ಮುಂಬಯಿ ರಾಜ್ಯದಲ್ಲೇ ಇತ್ತು. 1956ರ ನವೆಂಬರ್ 1ರ ಏಕೀಕರಣದ ನಂತರ ಅದೇ ಆಳ್ವ ಮೈಸೂರು ರಾಜ್ಯದ ಸಂಸದರಾಗಿ ಆರಿಸಿಬಂದರು.

ಮೊದಲ ಚುನಾವಣೆಯಲ್ಲಿ ಮತಪತ್ರದ ಮೇಲೆ ಗುರುತು ಹಾಕುವ ಕ್ರಮವೇ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಪೆಟ್ಟಿಗೆ, ಅದರ ಮೇಲೆ ಅಂಟಿಸಿದ ಚಿಹ್ನೆ. ಮರೆಯೊಳಗೆ ಹೋದ ಮತದಾರ ತನಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುತ್ತಿದ್ದ. ಕಾಂಗ್ರೆಸ್ಸಿನ ಪೆಟ್ಟಿಗೆಯ ಮೇಲೆ ಜೋಡೆತ್ತು. ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಅಂಕೋಲೆ ಮತ್ತು ಸಿದ್ದಾಪುರದ ಕರನಿರಾಕರಣೆ ಚಳವಳಿ ಕಂಡ ಜಿಲ್ಲೆಯಿದು. ಸರಕಾರ ಹೊಲ ಮನೆ ಮುಟ್ಟುಗೋಲು ಹಾಕಿದರೂ ಬಗ್ಗದ ಕುಟುಂಬಗಳು ಊರೂರಲ್ಲಿದ್ದವು. ಜೋಡೆತ್ತಿಗೆ ಬಿದ್ದ ಮತದಲ್ಲಿ ಆ ಋಣವೂ ಸೇರಿತ್ತು.

ಆಳ್ವರು ಉಡುಪಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳಗಿದವರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡ ಪತ್ರಕರ್ತ. ಪತ್ನಿ ವಯಲೆಟ್ ಆಳ್ವ 1952ರಲ್ಲೇ ರಾಜ್ಯಸಭೆಗೆ ಹೋದರು, 1962ರಲ್ಲಿ ಅದರ ಉಪಸಭಾಪತಿಯಾದರು. ಸಂಸತ್ತಿನಲ್ಲಿ ಒಟ್ಟಿಗೆ ಕುಳಿತ ಮೊದಲ ದಂಪತಿ ಇವರು. ಕ್ರೈಸ್ತರ ಸಂಖ್ಯೆ ಕಡಿಮೆಯಿರುವ ಜಿಲ್ಲೆ ಮೂರು ಸಲ ಒಬ್ಬ ಕ್ರೈಸ್ತರನ್ನು ಆರಿಸಿ ಕಳಿಸಿತು. ಇದನ್ನು ಇಂದಿನ ಓದುಗರು ಗಮನಿಸಲೇಬೇಕು.

ಸಾಲು 4: 1967. ದಿನಕರ ದೇಸಾಯಿ, ಪಕ್ಷೇತರ

ಪಟ್ಟಿಯ ಅತಿ ತೂಕದ ಸಾಲು ಇದೆಂದು ನನ್ನ ಎಣಿಕೆ. ನಾಡಿಗೆಲ್ಲ ದೇಸಾಯಿ ಚುಟುಕು ಕವಿ. ಅಂಕೋಲೆಯ ಗೇಣಿದಾರನಿಗೆ ಅವರು ರೈತಕೂಟದ ನಾಯಕ. ಭೂಮಾಲಕರ ವಿರುದ್ಧ ಗೇಣಿ ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷ್ ಸರಕಾರ ಅವರನ್ನು ಹುಟ್ಟಿದ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾಗಿ ದುಡಿದರು, ಹಡಗಿನ ಕಾರ್ಮಿಕರ ಸಂಘಟನೆ ಕಟ್ಟಿದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿ ಶಾಲೆಯಿಲ್ಲದ ಹಳ್ಳಿಗಳಿಗೆ ಪ್ರೌಢಶಾಲೆ ತಂದರು. 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು.

ಮರುವರ್ಷವೇ ಚುನಾವಣೆ. ಬೆನ್ನಿಗೆ ರಾಷ್ಟ್ರೀಯ ಪಕ್ಷವಿಲ್ಲ, ಚಿಹ್ನೆಯ ಬಲವಿಲ್ಲ. ಆದರೂ ಗೆದ್ದರು. ಜನ ಮತ ಹಾಕಿದ್ದು ಕಣ್ಣೆದುರಿಗಿದ್ದ ಕೆಲಸಕ್ಕೆ. 1970ರ ಡಿಸೆಂಬರಿನಲ್ಲಿ ಲೋಕಸಭೆ ಅವಧಿಗೆ ಮುನ್ನವೇ ವಿಸರ್ಜನೆಯಾಗಿ ಅವರಿಗೆ ನಾಲ್ಕು ವರ್ಷವೂ ಸಿಗಲಿಲ್ಲ. ಪಕ್ಷೇತರರ ಹೆಸರು ಈ ಪಟ್ಟಿಯಲ್ಲಿ ಮತ್ತೆ ಬರಲಿಲ್ಲ.

ಸಾಲು 5, 6: 1971, ಬಿ.ವಿ. ನಾಯಕ, ಕಾಂಗ್ರೆಸ್. 1977, ಬಿ.ಪಿ. ಕದಂ, ಕಾಂಗ್ರೆಸ್

ಮೊದಲನೆಯದು ಇಂದಿರಾ ಅಲೆಯ ಸಾಲು. ಮೈಸೂರು ರಾಜ್ಯದ 27 ಸ್ಥಾನಗಳೂ ಅಂದು ಕಾಂಗ್ರೆಸ್ಸಿಗೆ ಬಂದವು. ಎರಡನೆಯದನ್ನು ಬಿಡಿಸಿ ಹೇಳಬೇಕು. ತುರ್ತುಪರಿಸ್ಥಿತಿಯ ನಂತರ ಉತ್ತರ ಭಾರತ ಕಾಂಗ್ರೆಸ್ಸನ್ನು ಕಿತ್ತೆಸೆದಾಗ ಕರ್ನಾಟಕ 28ರಲ್ಲಿ 26 ಸ್ಥಾನ ಕೊಟ್ಟಿತು. ಈ ಜಿಲ್ಲೆಯ ಮಟ್ಟಿಗೆ ದೊಡ್ಡ ಕಾರಣ ನೆಲದಲ್ಲೇ ಇದೆ. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿದಾರನೇ ಹೊಲದೊಡೆಯನಾದ. ಅದರ ಫಲ ಹೆಚ್ಚಾಗಿ ಕಂಡದ್ದು ಎರಡೂ ಕನ್ನಡ ಜಿಲ್ಲೆಗಳಲ್ಲಿ. ದೇಸಾಯಿ ದಶಕಗಳ ಹಿಂದೆ ಎತ್ತಿದ ಬೇಡಿಕೆಯನ್ನು ಈಡೇರಿಸಿದ್ದು ಅವರು ಸೋಲಿಸಿದ ಪಕ್ಷದ ಸರಕಾರ. ನಾಲ್ಕನೆಯ ಸಾಲಿಗೂ ಆರನೆಯ ಸಾಲಿಗೂ ಇರುವ ಈ ನಂಟು ಪಟ್ಟಿಯನ್ನು ಮೇಲುಮೇಲೆ ನೋಡಿದವರಿಗೆ ಸಿಗುವುದಿಲ್ಲ.

ಸಾಲು 7ರಿಂದ 10: 1980, 1984, 1989, 1991. ಜಿ. ದೇವರಾಯ ನಾಯ್ಕ, ಕಾಂಗ್ರೆಸ್

ಸತತ ನಾಲ್ಕು ಗೆಲುವು. ಜೋಡೆತ್ತು ಹೋಗಿ, ಹಸು-ಕರು ಬಂದು ಹೋಗಿ, ಈಗ ಹಸ್ತ. ದಿಲ್ಲಿಗೆ ಒಂದು ಲೆಕ್ಕ, ಬೆಂಗಳೂರಿಗೆ ಇನ್ನೊಂದು ಲೆಕ್ಕ ಎಂಬ ವಿವೇಕ ರಾಜ್ಯದ ಮತದಾರರಿಗಿತ್ತು. 1984ರ ಕೊನೆಗೆ ಕಾಂಗ್ರೆಸ್ಸಿಗೆ 24 ಸಂಸದರನ್ನು ಕೊಟ್ಟವರೇ ಮೂರು ತಿಂಗಳು ಕಳೆಯುವುದರೊಳಗೆ ಸಿದ್ದಾಪುರದ ಮಗ ರಾಮಕೃಷ್ಣ ಹೆಗಡೆಯವರನ್ನು ಮತ್ತೆ ಮುಖ್ಯಮಂತ್ರಿ ಮಾಡಿದರು.

ಇದೇ ಅವಧಿಯಲ್ಲಿ ಜಿಲ್ಲೆಯ ಮೇಲೆ ಭಾರ ಬಿತ್ತು. ಕಾಳಿ ನದಿಗೆ ಅಣೆಕಟ್ಟುಗಳು ಬಂದವು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲಿಟ್ಟರು. ಕಾರವಾರ, ಅಂಕೋಲೆ ತೀರದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಕಾಳಿ ಕಣಿವೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರದ ಕೆಲಸ ನಡೆದಿತ್ತು.

ಒಂಬತ್ತನೆಯ ಸಾಲು, ಅಂದರೆ 1989, ಗೆದ್ದವರ ಹೆಸರಷ್ಟೇ ಹೇಳಿ ಸುಮ್ಮನಾಗುತ್ತದೆ. ಸೋತವರಲ್ಲಿ ಒಬ್ಬರು ಕೋಟ ಶಿವರಾಮ ಕಾರಂತರು. ವಯಸ್ಸು 87. ಜ್ಞಾನಪೀಠ ಬಂದು ಹನ್ನೆರಡು ವರ್ಷವಾಗಿತ್ತು. ಗಳಿಸಬೇಕಾದ ಹೆಸರು ಯಾವುದೂ ಬಾಕಿ ಇರಲಿಲ್ಲ. ಕೈಗಾ ಸ್ಥಾವರ ಬೇಡ, ಕಾಡು ಉಳಿಯಲಿ ಎಂದು ಹೇಳಲು ಅವರು ಅಭ್ಯರ್ಥಿಯಾದರು. ಮತದ ವಯಸ್ಸು 21ರಿಂದ 18ಕ್ಕಿಳಿದ ಮೊದಲ ಲೋಕಸಭಾ ಚುನಾವಣೆ ಅದು. ಆಗ ತಾನೇ ಹಕ್ಕು ಪಡೆದ ಹುಡುಗ ಹುಡುಗಿಯರ ಮುಂದೆ ಈ ವೃದ್ಧರು ಮುಂದಿನ ತಲೆಮಾರಿನ ಪ್ರಶ್ನೆಯನ್ನು ಇಟ್ಟರು. ಅವರು ಸೋತರು, ಸ್ಥಾವರ ಬಂತು. ಆದರೂ ಈ ಪ್ರಶ್ನೆಯನ್ನು ಮತಪೆಟ್ಟಿಗೆಯ ತನಕ ಒಯ್ಯಬಹುದು ಎಂದು ತೋರಿಸಿಕೊಟ್ಟರು. ನಾನಾದರೆ ಅವರ ಹೆಸರನ್ನು ಒಂಬತ್ತನೆಯ ಸಾಲಿನ ಪಕ್ಕದಲ್ಲೇ ಬರೆಯುತ್ತೇನೆ.

ಸಾಲು 11, 12: 1996, 1998. ಅನಂತಕುಮಾರ ಹೆಗಡೆ, ಬಿಜೆಪಿ

1993ರಲ್ಲಿ ಭಟ್ಕಳ ತಿಂಗಳುಗಟ್ಟಲೆ ಕೋಮುಗಲಭೆಯಲ್ಲಿ ಬೆಂದಿತು. 1996ರ ಏಪ್ರಿಲ್‌ನಲ್ಲಿ, ಚುನಾವಣೆ ಹತ್ತಿರವಿದ್ದಾಗಲೇ, ಅಲ್ಲಿಯ ಬಿಜೆಪಿ ಶಾಸಕ ಡಾ. ಯು. ಚಿತ್ತರಂಜನ್ ಗುಂಡಿಗೆ ಬಲಿಯಾದರು. ಆ ಭಯ, ದುಃಖ, ಸಿಟ್ಟಿನ ನಡುವೆ ಜಿಲ್ಲೆ ಮತಗಟ್ಟೆಗೆ ಹೋಯಿತು. ಮೂವತ್ತು ತುಂಬದ ಹೆಗಡೆ ಗೆದ್ದರು. ಗೇಣಿ, ಶಾಲೆ, ಅಣೆಕಟ್ಟು ಇದ್ದ ಜಾಗಕ್ಕೆ ಧರ್ಮದ ಗುರುತು ಬಂದು ನಿಂತದ್ದು ಈ ಸಾಲಿನಿಂದ.

ಸಾಲು 13: 1999. ಮಾರ್ಗರೇಟ್ ಆಳ್ವ, ಕಾಂಗ್ರೆಸ್

ಪಟ್ಟಿಯ ಏಕೈಕ ಮಹಿಳೆ. ಜೋಕಿಂ ಮತ್ತು ವಯಲೆಟ್ ಅವರ ಸೊಸೆ. ರಾಜ್ಯಸಭೆಯಲ್ಲಿ ನಾಲ್ಕು ಅವಧಿ ಕಳೆದ ಮೇಲೆ ಜನರ ನೇರ ಮತದಿಂದ ಗೆದ್ದು ಲೋಕಸಭೆಗೆ ಹೋದರು. ವಿಧಾನಸಭೆಗೂ ಜೊತೆಯಲ್ಲೇ ಚುನಾವಣೆಯಾಗಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದ ವರ್ಷ ಅದು. ಕ್ಷೇತ್ರ ಒಂದೇ ಕಡೆ ವಾಲಿಬಿಟ್ಟಿತು ಎಂದುಕೊಂಡವರ ಲೆಕ್ಕ ತಪ್ಪಿತು.

ಸಾಲು 14ರಿಂದ 17: 2004, 2009, 2014, 2019. ಅನಂತಕುಮಾರ ಹೆಗಡೆ, ಬಿಜೆಪಿ

ಇಲ್ಲಿ ಹೆಸರಿಗಿಂತ ಅಂತರವನ್ನು ಓದಬೇಕು. 2009ರಲ್ಲಿ ಹೆಗಡೆ ಮಾರ್ಗರೇಟ್ ಆಳ್ವರನ್ನು ಸೋಲಿಸಿದ್ದು 22,769 ಮತಗಳಿಂದ. 2014ರಲ್ಲಿ ಕಾಂಗ್ರೆಸ್ಸಿನ ಪ್ರಶಾಂತ ದೇಶಪಾಂಡೆ ಎದುರು ಅಂತರ 1,40,700. 2019ರಲ್ಲಿ ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಹಂಚಿಕೆಯಲ್ಲಿ ಸ್ಥಾನ ಜೆಡಿಎಸ್‌ಗೆ ಹೋಗಿ, ಮತಯಂತ್ರದಲ್ಲಿ ಹಸ್ತದ ಚಿಹ್ನೆಯೇ ಇರಲಿಲ್ಲ. ಆನಂದ ಅಸ್ನೋಟಿಕರ್ ಎದುರು ಅಂತರ 4,79,649ಕ್ಕೆ ಮುಟ್ಟಿತು.

ಇದೇ ವರ್ಷಗಳಲ್ಲಿ ಜಿಲ್ಲೆಯ ಜನ ಒಂದು ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಬೀದಿಗಿಳಿದರು. ಹೆದ್ದಾರಿಯಲ್ಲಿ ಅಪಘಾತವಾದರೆ, ಎದೆನೋವು ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡಬೇಕು. ಅರಣ್ಯಭೂಮಿ ಸಾಗುವಳಿದಾರರ ಹಕ್ಕಿನ ಅರ್ಜಿಗಳು, ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ, ಸೀಬರ್ಡ್ ನಿರಾಶ್ರಿತರ ಪರಿಹಾರ, ಒಂದೊಂದೂ ವರ್ಷಗಟ್ಟಲೆ ಎಳೆಯಿತು. ಇದರ ಹೊಣೆ ಒಬ್ಬ ಸಂಸದರದ್ದೋ ಒಂದು ಪಕ್ಷದ್ದೋ ಮಾತ್ರವಲ್ಲ. ಎರಡೂ ಪಕ್ಷಗಳು ದಿಲ್ಲಿಯಲ್ಲೂ ಬೆಂಗಳೂರಿನಲ್ಲೂ ಆಳಿವೆ.

ಸಾಲು 18: 2024. ವಿಶ್ವೇಶ್ವರ ಹೆಗಡೆ ಕಾಗೇರಿ, ಬಿಜೆಪಿ

ಆರು ಸಲ ಗೆದ್ದವರಿಗೆ ಟಿಕೆಟ್ ಸಿಗಲಿಲ್ಲ. ಆರು ಸಲ ಶಾಸಕರಾಗಿ, ವಿಧಾನಸಭಾಧ್ಯಕ್ಷರಾಗಿದ್ದ ಕಾಗೇರಿ ನಿಂತರು. 2023ರಲ್ಲಿ ಶಿರಸಿಯಲ್ಲಿ ಸೋತಿದ್ದ ಅವರು ಮರುವರ್ಷ ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ್ ಅವರನ್ನು 3,37,428 ಮತಗಳಿಂದ ಸೋಲಿಸಿದರು. ಶಾಸಕರಿಗೊಂದು, ಸಂಸದರಿಗೊಂದು ಅಳತೆ ಎಂಬ ಹಳೆಯ ವಿವೇಕ ಪೂರ್ತಿ ಮಾಯವಾಗಿಲ್ಲ ಎಂಬುದಕ್ಕೆ ಈ ಎರಡು ಫಲಿತಾಂಶಗಳೇ ಸಾಕ್ಷಿ.

ತಾತ್ಪರ್ಯ

18 ಸಾಲುಗಳಲ್ಲಿ ಎರಡು ದೀರ್ಘ ಅಭ್ಯಾಸಗಳಿವೆ. ಮೊದಲು ಕಾಂಗ್ರೆಸ್, ಆಮೇಲೆ ಬಿಜೆಪಿ. ಅಭ್ಯಾಸ ಮುರಿದ ಸಾಲುಗಳಲ್ಲಿ ಮತದಾರನ ಶಕ್ತಿ ಎದ್ದು ಕಾಣುತ್ತದೆ. ವಿದ್ಯುತ್ತಿಗೆ ನದಿಯನ್ನೂ, ರಕ್ಷಣೆಗೆ ದಂಡೆಯನ್ನೂ, ಅಣುಶಕ್ತಿಗೆ ಕಾಡನ್ನೂ ಬಿಟ್ಟುಕೊಟ್ಟ ಜಿಲ್ಲೆ ದೇಶಕ್ಕೆ ಕೊಟ್ಟಷ್ಟು ದೇಶದಿಂದ ಪಡೆದಿಲ್ಲ. ಗೆಲುವು ಮೊದಲೇ ನಿಶ್ಚಿತವಾದ ಕ್ಷೇತ್ರಕ್ಕೆ ಗೆಲ್ಲುವ ಪಕ್ಷ ಹೆದರಬೇಕಿಲ್ಲ, ಸೋಲುವ ಪಕ್ಷ ದುಡಿಯಬೇಕಿಲ್ಲ. ಆಸ್ಪತ್ರೆ, ರೈಲು, ಭೂಹಕ್ಕು ಬೇಕಾದರೆ ಮತದಾರರು ಅಭ್ಯರ್ಥಿಯ ಪಕ್ಷ ಕೇಳುವ ಮೊದಲು ಅವರ ಕೆಲಸದ ಲೆಕ್ಕ ಕೇಳಬೇಕು. 1967ರಲ್ಲಿ ಇದೇ ಜಿಲ್ಲೆ ಹಾಗೆ ಕೇಳಿ ಮತ ಹಾಕಿತ್ತು.