ತೋರಿಸಿದ್ರೆ ಸಾಕಾ?

ನಮ್ಮೂರ ಹೈಸ್ಕೂಲಲ್ಲಿ ‘ಕಾರ್ಯಾನುಭವ’ ಅಂತ ಒಂದು ಪೀರಿಯಡ್ ಇತ್ತು. ಗಿಡಕ್ಕೆ ನೀರು ಹಾಕೋದು, ಅಂಗಳ ಗುಡಿಸೋದು. ವರ್ಷದ ಕೊನೆಗೆ ಎಲ್ಲರಿಗೂ ಎ ಗ್ರೇಡ್. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ‘ನಯೀ ತಾಲೀಮ್’ ನಮ್ಮ ತನಕ ಬರೋ ಹೊತ್ತಿಗೆ ಪೊರಕೆಯಷ್ಟೇ ಉಳಿದಿತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಓದಿದಾಗ ಅದೇ ನೆನಪಾಯ್ತು. ಆರರಿಂದ ಎಂಟನೇ ತರಗತಿಯೊಳಗೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರರ ಹತ್ತಿರ ಕಲಿಕೆ. 2025ರೊಳಗೆ ಕನಿಷ್ಠ 50% ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದ ‘ಎಕ್ಸ್‌ಪೋಶರ್’ ಅನ್ನೋ ಗುರಿ. ಉದ್ದೇಶ ಒಳ್ಳೇದೇ, ನನ್ನ ತಕರಾರು ಆ ಪದದ ಮೇಲೆ. ಡೆಮೊ ನೋಡಿದವನನ್ನ ನಾವು ಡೆವಲಪರ್ ಅಂತೀವಾ? ಹತ್ತು ದಿನದಲ್ಲಿ ಉಳಿ ಹಿಡಿಯೋದೂ ಸರಿಯಾಗಿ ಬರಲ್ಲ.

ಇದಕ್ಕಿಂತ ಗಟ್ಟಿಯಾದದ್ದು ನಮ್ಮಲ್ಲೇ ಇದೆ. ರಾಜ್ಯದ ಆಯ್ದ ಸರ್ಕಾರಿ ಹೈಸ್ಕೂಲುಗಳಲ್ಲಿ ಒಂಬತ್ತನೇ ತರಗತಿಯಿಂದ ತೃತೀಯ ಭಾಷೆ ಬದಲು ಆಟೋಮೊಬೈಲ್, ಐಟಿ ಥರದ ವಿಷಯ ತಗೋಬಹುದು. ಪ್ರಾಕ್ಟಿಕಲ್ಲೂ ಇದೆ, ಪರೀಕ್ಷೆಯೂ ಇದೆ. ಆದ್ರೆ ಅಲ್ಲಿ ಕೂರೋದು ಯಾರ ಮಕ್ಕಳು? ಹಳ್ಳಿ ಹುಡುಗನಿಗೆ ‘ಸ್ಕಿಲ್ ಕಲಿ’ ಅಂತೀವಿ, ನಮ್ಮ ಮಕ್ಕಳನ್ನ ಐಐಟಿ ಕೋಚಿಂಗಿಗೆ ಸೇರಿಸ್ತೀವಿ. ನೀತಿ ಬದಲಾಗಿದೆ, ಆ ತಾರತಮ್ಯ ಬದಲಾಗಿಲ್ಲ.

‘ಅಪ್ಪಾ, ಎಲೆಕ್ಟ್ರಿಷಿಯನ್ ಆಗ್ತೀನಿ’ ಅಂತ ನಾಳೆ ನನ್ನ ಮಗನೇ ಅಂದ್ರೆ? ಇಷ್ಟೆಲ್ಲ ಬರೆದ ನನ್ನ ಹತ್ರಾನೂ ಉತ್ತರ ರೆಡಿ ಇಲ್ಲ.